ಖಾಲಿ ಕೈಗೆ ಬಾರದ ಮಾತು

ಗಂಡನನ್ನು ಬಿಟ್ಟೆ, ಅವನ ದನಿಯನ್ನು ಬಿಡಲಾಗಲಿಲ್ಲ. ನನ್ನ ಹಣೆಬರಹ. ಗಾಸ್ಪರ್ ಜೊತೆ ನಾನು ಸಂಸಾರ ಮಾಡಿದ್ದು ನಾಲ್ಕೇ ವರ್ಷ. ಬೇರೆಯಾದ ಮೇಲೂ ಅವನು ನಮ್ಮ ಚುಟ್ಟಾ ಕಾರ್ಖಾನೆಯ ಓದುಗಾರನಾಗಿಯೇ ಉಳಿದ, ನಾನು ಚುಟ್ಟಾ ಸುತ್ತುವವಳಾಗಿಯೇ ಉಳಿದೆ. ಅಂದರೆ ಮನೆಯಲ್ಲಿ ಅವನ ಮಾತು ಕೇಳಿ ಕೇಳಿ ಸಾಕಾಗಿ ಹೊರಗೆ ಹಾಕಿದ ಹೆಂಗಸು, ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂತು ಅದೇ ಮಾತನ್ನು ಕೇಳಬೇಕು. ಸಿಟ್ಟು ಬಂತೆಂದು ಎದ್ದು ಹೋಗುವ ಹಾಗೂ ಇಲ್ಲ, ಕೈಯಲ್ಲಿ ಎಲೆ ಇರುತ್ತದೆ. ದೇವರಿಗೂ ಒಂದಿಷ್ಟು ತಮಾಷೆ ಬೇಕಲ್ಲ.

ಸಾಂತಾ ಕ್ಲಾರಾದಿಂದ ನಮ್ಮ ಊರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಬಸ್ಸು ಬಂದರೆ. ಊರಲ್ಲಿ ಕೆಲಸ ಎಂದರೆ ಈ ಕಾರ್ಖಾನೆ ಒಂದೇ. ಉದ್ದನೆಯ ಪಡಸಾಲೆ, ಶಾಲೆಯಲ್ಲಿದ್ದ ಹಾಗೆ ಸಾಲುಸಾಲು ಬೆಂಚು, ಎದುರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಓದುಪೀಠ. ನಾವು ಸುತ್ತುತ್ತಿದ್ದರೆ ಓದುಗಾರ ಅಲ್ಲಿಂದ ಗಟ್ಟಿಯಾಗಿ ಓದುತ್ತಾನೆ, ಬೆಳಿಗ್ಗೆ ಪತ್ರಿಕೆ, ಊಟದ ಮೇಲೆ ಕಾದಂಬರಿ. ನನ್ನ ಮುತ್ತಜ್ಜನ ಕಾಲದಿಂದಲೂ ಹೀಗೆಯೇ. ಆಗಿನ ಧಣಿಗಳು ಓದುಗಾರನನ್ನು ಓಡಿಸಲು ನೋಡಿದಾಗ ನಮ್ಮ ಹಿರಿಯರು ಹೇಳಿದ್ದು ಒಂದೇ ಮಾತಂತೆ: ಕಿವಿ ಅವನ ಕಡೆ ಇದ್ದರೂ ನಮ್ಮ ಕೈ ನಿಲ್ಲುವುದಿಲ್ಲ, ಬೇಕಾದರೆ ನೋಡಿಕೊಳ್ಳಿ. ಅಂದಿನಿಂದ ಅದೇ ಕಟ್ಟಳೆ. ಕಥೆಯಲ್ಲಿ ನಾಯಕಿ ಸತ್ತರೆ ನಮ್ಮ ಕಣ್ಣು ಅಳುತ್ತದೆ, ಕೈ ಸುತ್ತುತ್ತಲೇ ಇರುತ್ತದೆ. "ಕೈ ನಿಂತ ದಿನ ಓದೂ ನಿಂತೀತು" ಎಂದು ನನ್ನ ಅಜ್ಜಿ ಎಲೆಯ ನಾರು ಬಿಡಿಸುತ್ತಾ ಹೇಳುತ್ತಿದ್ದಳು.

ಏನು ಓದಬೇಕು, ಯಾರು ಓದಬೇಕು ಎನ್ನುವುದನ್ನು ನಾವೇ ತೀರ್ಮಾನಿಸುತ್ತೇವೆ. ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ಎಲೆ ಕೊಯ್ಯಲು ನಮ್ಮೆಲ್ಲರ ಹತ್ತಿರ ಹಿಡಿಯಿಲ್ಲದ, ಅರ್ಧಚಂದ್ರದಂಥ ಕತ್ತಿ ಇರುತ್ತದೆ. ಒಪ್ಪಿಗೆಯಾದರೆ ಅದನ್ನು ಅಡ್ಡಲಾಗಿ ಹಲಗೆಗೆ ಬಡಿಯುತ್ತೇವೆ. ಪಡಸಾಲೆಯೆಲ್ಲಾ ಬಡಿದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿರುತ್ತದೆ. ಒಪ್ಪದವರು ನೆಲಕ್ಕೆ ಎಸೆಯುತ್ತಾರೆ. ಯಾರೂ ಬಡಿಯದೆ, ಯಾರೂ ಎಸೆಯದೆ ಸುಮ್ಮನಿದ್ದರೆ ಅದಕ್ಕೂ ಅರ್ಥವಿದೆ: ಕೆಳಗೆ ಇಳಿ.

ಗಾಸ್ಪರನ ದನಿಯ ಬಗ್ಗೆ ಸುಳ್ಳು ಹೇಳಲಾರೆ. ಮೈಕು ಕೆಟ್ಟ ದಿನವೂ ಕೊನೆಯ ಬೆಂಚಿಗೆ ಅವನ ಉಸಿರು ಕೂಡ ಕೇಳುತ್ತಿತ್ತು. ಆ ದನಿಗೆ ಮರುಳಾಗಿಯೇ ನಾನು ಮದುವೆಯಾದದ್ದು. ಮನೆಗೆ ಬಂದ ಮೇಲೆ ಗೊತ್ತಾಯಿತು, ಅದರಲ್ಲಿ ಅವನದೇ ಮಾತು ಒಂದೂ ಇಲ್ಲ, ಎಲ್ಲಾ ಓದಿದ್ದು. ಮೊಳೆ ಹೊಡೆಯಲು ಬಾರದು, ಅನ್ನ ಇಡಲು ಬಾರದು, ಮಕ್ಕಳಿಲ್ಲ, ಬೇರೆ ಕಸುಬಿಲ್ಲ. ಆ ಪೀಠದಿಂದ ಇಳಿಸಿದರೆ ಅವನು ಏನೂ ಅಲ್ಲ. ಬಿಟ್ಟ ಹೆಂಡತಿ ನಾನೇ ಹೇಳುತ್ತಿದ್ದೇನೆ, ನಂಬಿ.

ಕಡಲಾಚೆಯ ದೇಶಕ್ಕೆಂದು ಊರಿಗೆ ಊರೇ ಗಂಟುಮೂಟೆ ಕಟ್ಟಲು ಶುರುಮಾಡಿದ ವರ್ಷ ಅದು. ಹೊಸ ಕಾದಂಬರಿ ಆರಿಸುವ ದಿನ, ಮೂರನೆಯ ಸಾಲಿನ ಯೊವಾಂದ್ರಿ ಎದ್ದು ನಿಂತ. ನನ್ನ ಪಕ್ಕದ ಮನೆಯ ಹುಡುಗ, ಮೂವತ್ತು ತುಂಬಿರಲಿಲ್ಲ, ನಾಲಿಗೆ ಮಾತ್ರ ಮೊಳದುದ್ದ.

"ಗಾಸ್ಪರ್ ಮಾವ, ಈ ದೊಡ್ಡ ಮನೆ ಹೆಂಗಸರ ಅಳು ಸಾಕು ಮಾರಾಯ. ನಮ್ಮನೇಲೇ ಬೇಕಾದಷ್ಟಿದೆ."

"ಮತ್ತೇನು ಓದ್ಲಿ?"

"ಇಂಗ್ಲಿಷ್. ದಿನಾ ಐದೇ ಐದು ಪದ. ಕೈ ಪಾಡಿಗೆ ಕೈ ಕೆಲಸ ಮಾಡ್ತಿರ್ಲಿ, ಕಿವಿ ಪಾಡಿಗೆ ಕಿವಿ ಕಲೀತಿರ್ಲಿ. ವರ್ಷ ತುಂಬೋದ್ರೊಳಗೆ ಎಲ್ಲರೂ ಪಂಡಿತರು!"

"ವರ್ಷ ತುಂಬೋವರೆಗೆ ನೀನಿಲ್ಲಿದ್ರೆ ತಾನೇ," ಎಂದೆ ನಾನು.

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಆಮೇಲೆ ಕತ್ತಿಗಳು ಬಡಿದವು ನೋಡಿ, ಹೆಂಚು ಹಾರಿಹೋಗಬೇಕು. ನಾನು ನನ್ನದನ್ನು ಎತ್ತಿ ನೆಲಕ್ಕೆ ಎಸೆದೆ. ಆ ಗದ್ದಲದಲ್ಲಿ ಅದು ಬಿದ್ದದ್ದು ನನಗೇ ಕೇಳಿಸಲಿಲ್ಲ.

ಗಾಸ್ಪರನಿಗೆ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಪಡಸಾಲೆಯ ಮೇಲ್ವಿಚಾರಕ ರೈನೇರಿಯೊಗೆ ಅದು ಗೊತ್ತಿತ್ತು. "ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ, ಬೇಜಾರಿಲ್ಲ," ಎಂದ. "ಸಾಂತಾ ಕ್ಲಾರಾದಲ್ಲಿ ಒಂದು ಹುಡುಗಿ ಇದ್ದಾಳೆ, ಇಂಗ್ಲಿಷ್ ಮೇಷ್ಟ್ರ ಕೆಲಸ ಬಿಟ್ಟು ಮನೇಲಿ ಕೂತಿದ್ದಾಳೆ. ಪೀಠಕ್ಕೆ ಅವಳನ್ನ ಕರೆಸ್ತೀನಿ."

ಗಾಸ್ಪರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ನಾಳೆಯಿಂದ ಶುರು," ಎಂದ.

ಅಂದು ಸಂಜೆಯೇ ಅವನು ಮಿಸ್ ಯೂನಿಸ್ ಮನೆಯ ಬಾಗಿಲು ತಟ್ಟಿದ. ಕಬ್ಬು ಕಡಿಯಲು ಜಮೈಕಾದಿಂದ ಬಂದವರ ಮಗಳು ಆಕೆ, ತೊಂಬತ್ತರ ಹತ್ತಿರದ ಮುದುಕಿ, ಪ್ರಾರ್ಥನೆಯನ್ನು ಈಗಲೂ ಇಂಗ್ಲಿಷಿನಲ್ಲೇ ಮಾಡುತ್ತಾಳೆ. ಕಾರ್ಖಾನೆಯವರು ಅವನಿಗೆ ಕೊಡುತ್ತಿದ್ದ ಚುಟ್ಟಾಗಳೇ ಆಕೆಗೆ ಗುರುದಕ್ಷಿಣೆ. ಹೊಗೆ ಬಿಡುತ್ತಾ ಪಾಠ ಮಾಡುವಳು, ತಪ್ಪಿದರೆ ಬೀಸಣಿಗೆಯಿಂದ ಅವನ ಬೆರಳ ಗೆಣ್ಣಿಗೆ ಹೊಡೆಯುವಳು. "ಕೂಗ್ಬೇಡ ಕಣೋ! ಇಂಗ್ಲಿಷು ಅರ್ಧ ಬಾಯಿ ಮುಚ್ಚಿ ಮಾತಾಡೋ ಭಾಷೆ. ನಿಂದು ದನ ಕರೆಯೋ ಬಾಯಿ." ಅರವತ್ತೇಳರ ಗಂಡಸು, ಊರಿಗೆಲ್ಲಾ ಕಥೆ ಹೇಳಿದವನು, ಕೈ ಉಜ್ಜಿಕೊಂಡು ಮತ್ತೆ ಹೇಳುತ್ತಿದ್ದನಂತೆ. ನನಗೆ ಕೇಳಿ ನಗು ಬಂತು. ಮನೆಗೆ ಹೋದ ಮೇಲೆ ಅಯ್ಯೋ ಪಾಪ ಎಂದೂ ಅನ್ನಿಸಿತು, ಯಾರಿಗೆ ಹೇಳಲಿ.

ಹೀಗೆ ನಡೆಯಿತು ಪಾಠ: ಪತ್ರಿಕೆ ಓದಿ ಮುಗಿದ ಮೇಲೆ ಗಾಸ್ಪರ್ ಒಂದು ಪದ ಹೇಳುತ್ತಾನೆ, ಅದರ ಅರ್ಥ ಹೇಳುತ್ತಾನೆ, ಮತ್ತೆ ಪದ ಹೇಳುತ್ತಾನೆ. ಪಡಸಾಲೆ ಒಟ್ಟಿಗೆ ಹೇಳುತ್ತದೆ. ಒಳ ಎಲೆ ಮಡಿಸುವಾಗ ಒಂದು ಸಲ, ಕಟ್ಟೆಲೆ ಸುತ್ತುವಾಗ ಒಂದು ಸಲ, ಮೇಲೆಲೆ ಎಳೆದು ತುದಿ ಅಂಟಿಸುವಾಗ ಒಂದು ಸಲ. ಕೈಯ ಲಯಕ್ಕೆ ಪದ ತಾನಾಗಿ ಕೂತುಕೊಂಡಿತು. ನಾನು ಮಾತ್ರ ಬಾಯಿ ಬಿಡಲಿಲ್ಲ. ಅರ್ಥ ಹೇಳುವ ಹೊತ್ತಿಗೆ ಸರಿಯಾಗಿ ಕೆಮ್ಮುತ್ತಿದ್ದೆ. ಬೇಕಂತಲೇ, ಜೋರಾಗಿ, ಕ್ಷಯದವರು ಕೆಮ್ಮಿದ ಹಾಗೆ.

"ಸೊರಾಯ್ದಾ ಅಕ್ಕ, ಔಷಧಿ ತಗೋ," ಎಂದು ಹಿಂದಿನಿಂದ ಯಾರಾದರೂ ರೇಗಿಸುತ್ತಿದ್ದರು.

"ಔಷಧಿ ಎಲ್ಲಿದೆ ಈ ಊರಲ್ಲಿ? ನೀನು ಆ ಕಡೆ ಹೋದ ಮೇಲೆ ಕಳ್ಸು."

ಆ ಕಡೆ ಎಂದರೆ ಎಲ್ಲಿ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹೋಗುವವರು ಹೇಳಿ ಹೋಗುವುದೂ ಇಲ್ಲ. ಬಾಯಿ ಬಿಟ್ಟರೆ ದೃಷ್ಟಿಯಾಗಿ ಹೋಗುವ ಕಾಗದಪತ್ರ ಕೈತಪ್ಪುತ್ತದೆಂದು ಹೆತ್ತ ತಾಯಿಗೂ ಕೊನೆಯ ಗಳಿಗೆಯಲ್ಲಿ ತಿಳಿಸುವವರಿದ್ದಾರೆ. ಶುಕ್ರವಾರ "ಸೋಮವಾರ ಸಿಗೋಣ" ಎನ್ನುತ್ತಾರೆ, ಸೋಮವಾರ ಬೆಂಚಿನ ಮೇಲೆ ಮಡಿಸಿಟ್ಟ ಏಪ್ರನ್ನು ಇರುತ್ತದೆ. ಆದರೆ ಪಾಠ ಶುರುವಾದ ಮೇಲೆ ಗುಟ್ಟು ಉಳಿಯಲಿಲ್ಲ. ತಮಗೆ ಬೇಕಾದ ಪದ ಕೇಳುವ ರೂಢಿಯಾಯಿತಲ್ಲ. ಯೊವಾಂದ್ರಿ ಏಣಿಗೆ ಏನಂತಾರೆ, ಸುತ್ತಿಗೆಗೆ ಏನಂತಾರೆ ಎಂದು ಕೇಳಿದ. ಇವನು ಯಾರದೋ ಮನೆಯ ಮಾಡು ಹತ್ತಲು ಹೊರಟ ಎಂದು ಗೊತ್ತಾಯಿತು. ನನ್ನ ಮುಂದಿನ ಬೆಂಚಿನ ಲೇದಿಯಾನಾ ಜ್ವರ, ಕಂಬಳಿ ಎಂದಳು. ಯಾವುದೋ ಮುದುಕಿಯ ಆರೈಕೆಗೆ ಹೋಗುತ್ತಾಳೆ. ಕೇಳಿದ ಪದವನ್ನು ಗಾಸ್ಪರ್ ಮಿಸ್ ಯೂನಿಸ್ ಹತ್ತಿರ ಕಲಿತು, ಇನ್ಯಾವತ್ತೋ ಬೇರೆ ಪದಗಳ ನಡುವೆ ಹೇಳಿದ ಕೆಲವು ವಾರಕ್ಕೆ ಆ ಬೆಂಚು ಖಾಲಿ. ಯಾರೂ ಏನೂ ಕೇಳದ ದಿನ ಐದನೆಯ ಪದವನ್ನು ಅವನೇ ತನಗೆ ತೋಚಿದ್ದನ್ನು ಹಾಕುತ್ತಿದ್ದ. ಒಮ್ಮೆ ಹಾಗೆ ಹಾಕಿದ ಪದವನ್ನು ನನ್ನನ್ನೇ ನೋಡುತ್ತಾ ಹೇಳಿದ. ನಾನು ಇನ್ನೂ ಜೋರಾಗಿ ಕೆಮ್ಮಿದೆ.

ಗಾಸ್ಪರನಿಗೆ ಭಾನುವಾರ ನನ್ನ ಮನೆಯಲ್ಲಿ ಕಾಫಿ. ಸಂಬಂಧ ಕಡಿದರೂ ಕಾಫಿ ತನ್ನ ಹಕ್ಕು ಎಂದು ತಿಳಿದಿದ್ದಾನೆ. ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ.

"ನಿನ್ನ ಕೊಂಬೆಯನ್ನ ನೀನೇ ಕಡೀತಿದ್ದೀಯ, ಗೊತ್ತಾ? ಪದ ಕಲ್ತೋರೆಲ್ಲಾ ಹೋಗ್ತಿದ್ದಾರೆ. ನಾಳೆ ಯಾರಿಗೆ ಓದ್ತೀಯ, ಬೆಂಚಿಗಾ?"

"ನಾನು ಕೊಡದಿದ್ರೂ ಹೋಗ್ತಾರೆ, ಸೊರಾ. ಬಾಯಿ ಇಲ್ಲದೆ ಹೋಗ್ತಾರೆ ಅಷ್ಟೇ."

"ದೊಡ್ಡ ಧರ್ಮಾತ್ಮ! ಪೀಠದ ಆಸೆ ಅಂತ ಹೇಳು."

"ಅದೂ ಹೌದು," ಎಂದ. ಎಂದೂ ಹಾಗೆ ಒಪ್ಪಿಕೊಂಡವನಲ್ಲ. ನಾನು ಎದ್ದು ಲೋಟ ತೊಳೆದೆ.

ಯೊವಾಂದ್ರಿಯ ಫೋನು ಬಂದದ್ದೂ ಹೀಗೆ ಒಂದು ಭಾನುವಾರವೇ. ಅವನು ಹೋಗಿ ಅರ್ಧ ವರ್ಷ ಕಳೆದಿತ್ತು. ಗಾಸ್ಪರ್ ಎದುರಿಗೇ ಕೂತಿದ್ದ, ಮೂಲೆಯ ಫ್ಯಾನು ಗರಗರ ಎನ್ನುತ್ತಿತ್ತು. ಪರದೆಯ ಮೇಲೆ ಹುಡುಗನ ಮುಖ ಬಿಸಿಲಿಗೆ ಸುಟ್ಟು ಕರಕಲಾಗಿತ್ತು.

"ಅತ್ತೆ, ಮಾವ ಇದ್ದಾರಾ? ಒಳ್ಳೇದಾಯ್ತು. ಮಾವ, ನಿಮ್ಮ ಪದ ಎಲ್ಲಾ ಎಲ್ಲಿ ಹೋದ್ವು ಹೇಳಿ ನೋಡೋಣ?"

"ಯಾಕೋ, ಮರ್ತೆಯಾ?"

"ಮರೆಯೋದೇನು! ಒಳ್ಳೇ ಕೆಲಸ ಖಾಲಿ ಇತ್ತು, ನೆರಳಲ್ಲಿ ಕೂತು ಸಾಮಾನು ಲೆಕ್ಕ ಇಡೋದು. ಎದುರಿಗೆ ಒಬ್ಬಳು ಕೂತು ಇಂಗ್ಲಿಷಲ್ಲಿ ಪ್ರಶ್ನೆ ಕೇಳಿದ್ಲು, ಎಲ್ಲಾ ನಮಗೆ ಗೊತ್ತಿರೋ ಪದಾನೇ. ಕೈ ತೊಡೆ ಮೇಲಿಟ್ಕೊಂಡು ಕೂತಿದ್ದೆ. ಒಂದೂ ಬರ್ಲಿಲ್ಲ ಮಾವ. ಒಂದೇ ಒಂದು. ಕಿವೀಲಿ ಬರೀ ಗುಂಯ್ ಅಂತಿತ್ತು. ಹೊರಗೆ ಬಂದು ಫುಟ್‌ಪಾತಲ್ಲಿ ಕೂತೆ, ಜೇಬಲ್ಲಿ ಕೈ ಒರೆಸೋ ಕಾಗದ ಇತ್ತು, ಸುಮ್ನೆ ಸುತ್ತೋಕೆ ಶುರು ಮಾಡ್ದೆ. ಆಗ ಬಂತು ನೋಡಿ ಸಾಲಾಗಿ, ನಿಮ್ಮ ದನೀಲೇ! ಯಾರಿಗೆ ಹೇಳ್ಲಿ? ಅಲ್ಲಿದ್ದ ನಾಯಿಗೆ ಹೇಳ್ದೆ."

ಅವನು ನಗುತ್ತಿದ್ದ. ಗಾಸ್ಪರ್ ಮುಖ ಮಾತ್ರ ಬೂದಿಯಾಗಿತ್ತು.

"ನಿನಗೊಬ್ಬನಿಗೇನಾ ಹೀಗೆ?"

"ಎಲ್ಲರಿಗೂ. ಲೇದಿಯಾನಾ ನೋಡ್ಕೋತಿದ್ದ ಮುದುಕಿ ಮಂಚದಿಂದ ಬಿತ್ತಂತೆ. ಫೋನ್ ಮಾಡಿ ನಾಲ್ಕು ಮಾತು ಹೇಳ್ಬೇಕಿತ್ತು. ಆ ಕಡೆಯವರು ಹಲೋ ಹಲೋ ಅಂತಿದ್ದಾರೆ, ಇವಳು ಮೂಗಿ ಹಾಗೆ ನಿಂತಿದ್ದಾಳೆ. ಕೆಲ್ಸ ಹೋಯ್ತು. ನಾವು ಕೈಯಲ್ಲಿ ಕಲ್ತಿದ್ದು ಮಾವ. ಖಾಲಿ ಕೈಗೆ ಬರಲ್ಲ ಅದು."

ಅಷ್ಟರಲ್ಲಿ ಕರೆಂಟು ಹೋಯಿತು, ಫೋನೂ ಕಡಿಯಿತು. ಗಾಸ್ಪರ್ ಕಾಫಿಯನ್ನು ಅರ್ಧಕ್ಕೆ ಬಿಟ್ಟ. ನಮ್ಮಲ್ಲಿ ಯಾರೂ ಕಾಫಿ ಬಿಡುವುದಿಲ್ಲ.

"ಇನ್ನೂ ಇಲ್ಲಿ ಕೂತಿರೋರಿಗಾದ್ರೂ ಸರಿಯಾಗಿ ಕಲಿಸ್ಬೇಕು," ಎಂದ. "ಪದ ಹೇಳೋವಾಗ ಕೈ ನಿಲ್ಲಿಸಿ ಅಂತೀನಿ."

ನಾನು ಲೋಟ ಕುಕ್ಕಿದೆ. "ತಲೆ ಕೆಟ್ಟಿದೆಯಾ ನಿನಗೆ? ಕೈ ನಿಲ್ಲಿಸು ಅಂದ ಓದುಗಾರ ಈ ಭೂಮಿ ಮೇಲೆ ಹುಟ್ಟಿಲ್ಲ. ಮಾರನೇ ದಿನ ನಿನ್ನ ಇಳಿಸ್ತಾರೆ."

"ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಪದ ಹಂಚಲಾ?"

"ಹಂಚು! ಕಾದಂಬರಿ ಎಲ್ಲಾ ಸುಳ್ಳೇ ತಾನೆ? ಮೂವತ್ತು ವರ್ಷ ಹಂಚಲಿಲ್ವಾ?"

ಅವನು ಟೋಪಿ ಹಾಕಿಕೊಂಡು ಹೊರಟ. ಬಾಗಿಲಲ್ಲಿ ನಿಂತು ಇನ್ನೇನೋ ಕೂಗಿದೆ, ಬಾಯಿಗೆ ಬಂದದ್ದೆಲ್ಲಾ. ಅವನನ್ನು ಹೊರಗೆ ಹಾಕಿದ ದಿನವೂ ನಾನು ಅಷ್ಟು ಕೂಗಿರಲಿಲ್ಲ.

ಸೋಮವಾರ ಪತ್ರಿಕೆ ಮುಗಿಯಿತು. ಗಾಸ್ಪರ್ ಮೈಕಿಗೆ ಬಾಯಿ ಹತ್ತಿರ ತಂದು ಹೇಳಿದ: "ಎಲ್ಲರೂ ಎಲೆ ಕೆಳಗಿಡಿ. ಕೈ ತೊಡೆ ಮೇಲಿಡಿ. ಐದು ಪದ, ಆಮೇಲೆ ಶುರು ಮಾಡಿ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಇಟ್ಟರು. ಎಲೆಯ ಸರಸರವೇ ಇಲ್ಲ. ತೊಡೆಯ ಮೇಲಿನ ಬೆರಳುಗಳು ತಾವಾಗಿಯೇ ಮಿಸುಕುತ್ತಿದ್ದವು. ಅವನು ಪದ ಹೇಳಿದ, ನಮ್ಮವರು ಹೇಳಿದರು, ತಡವರಿಸಿದರು, ಹಿಂದಿನ ವಾರದ್ದು ಕೇಳಿದರೆ ಒಬ್ಬನಿಗೂ ಬರಲಿಲ್ಲ. ಐದು ಪದಕ್ಕೆ ಅರ್ಧ ಗಂಟೆ ಹಿಡಿಯಿತು. ಮರುದಿನ ಇನ್ನೂ ಹೆಚ್ಚು. ತೇವ ಮಾಡಿದ ಮೇಲೆಲೆ ಒಣಗಿ ಸೀಳತೊಡಗಿತು. ನಮಗೆ ಸಂಬಳ ಸುತ್ತಿದಷ್ಟಕ್ಕೆ ಮಾತ್ರ.

ವಾರ ಮುಗಿಯುವುದರೊಳಗೆ ಪಡಸಾಲೆಯೇ ಅವನ ಮೇಲೆ ಬಿತ್ತು. ಆ ಕಡೆಯಿಂದ ಎಲ್ಲರ ಮನೆಗೂ ಸುದ್ದಿ ಬಂದಿತ್ತಲ್ಲ. "ಕೊಟ್ಟಿದ್ದು ಕೊಳೆತ ಮೊಟ್ಟೆ, ಈಗ ಮರಿ ಮಾಡ್ಸೋಕೆ ನಮ್ಮನ್ನ ಕೂರಿಸ್ತಾನೆ," ಎಂದ ಒಬ್ಬ. "ನನ್ನ ಮಕ್ಕಳು ನಿನ್ನ ಪದ ತಿಂತಾರೇನಯ್ಯಾ?" ಎಂದಳು ಇನ್ನೊಬ್ಬಳು. ಹೋದವರ ಜಾಗಕ್ಕೆ ಬಂದ ಕಲಿಕೆಯ ಹುಡುಗ ಹುಡುಗಿಯರ ಕಿವಿಯಲ್ಲಿ ಆಗಲೇ ಫೋನಿನ ಬಿರಡೆ ಇತ್ತು, ಅವರಿಗೆ ಓದೂ ಒಂದೇ ಗಾಳಿಯೂ ಒಂದೇ. ರೈನೇರಿಯೊ ಬಂದು, ಮೇಲಿನವರು ಕೇಳುತ್ತಿದ್ದಾರೆ, ಓದುಗಾರ ಬೇಕೋ ರೇಡಿಯೋ ಸಾಕೋ ನೀವೇ ಹೇಳಿ ಎಂದ. ಅವನನ್ನು ಬೈಯಲೂ ಬಾರದು. ಕಟ್ಟಳೆ ಮುರಿದವನು ಗಾಸ್ಪರ್.

ಶುಕ್ರವಾರ ಗಾಸ್ಪರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಪತ್ರಿಕೆಯನ್ನು ಕೊನೆಯ ಹವಾಮಾನದ ಸಾಲಿನವರೆಗೂ ಓದಿ, ಮಡಿಸಿ ಪಕ್ಕಕ್ಕಿಟ್ಟ. ಕೇಳಬೇಕಾದದ್ದು ಓದುಗಾರನೇ, ಅದು ಪದ್ಧತಿ.

"ನಾನು ಇರ್ಲಾ?" ಎಂದ.

ಎಲೆಯ ಸರಸರ ನಿಲ್ಲಲಿಲ್ಲ. ಯಾರೂ ಕತ್ತಿ ಎಸೆಯಲಿಲ್ಲ. ಎಸೆದಿದ್ದರೆ ಜಗಳವಾಡಬಹುದಿತ್ತು. ತಲೆ ಬಗ್ಗಿಸಿಕೊಂಡು ಸುತ್ತುತ್ತಲೇ ಇದ್ದರು, ಮೂವತ್ತು ವರ್ಷ ಅವನ ದನಿಗೆ ಅತ್ತು ನಕ್ಕವರು. ನಾನು ಕತ್ತಿ ತೆಗೆದು ಹಲಗೆಗೆ ಬಡಿದೆ. ಮತ್ತೆ ಬಡಿದೆ. ಸುತ್ತ ನೋಡುತ್ತಾ, ನಾಚಿಕೆಗೆಟ್ಟವರೇ ಎನ್ನುತ್ತಾ, ಕೈ ನೋಯುವವರೆಗೆ ಬಡಿದೆ.

"ಒಂದು," ಎಂದ ರೈನೇರಿಯೊ.

ಗಾಸ್ಪರ್ ಕನ್ನಡಕ, ನೀರಿನ ಲೋಟ ಎತ್ತಿಕೊಂಡು ನಾಲ್ಕು ಮೆಟ್ಟಿಲು ಇಳಿದ. ಅವನು ಬಾಗಿಲು ದಾಟಿದ ಮೇಲೆ ನನ್ನ ಪಕ್ಕದ ಕಲಿಕೆಯ ಹುಡುಗಿ ಕಿವಿಯ ಬಿರಡೆ ತೆಗೆದು, "ಏನಾಯ್ತು ಅಜ್ಜಿ?" ಎಂದು ಕೇಳಿದಳು. ನಾನು ಇನ್ನೊಂದು ಎಲೆ ಎಳೆದುಕೊಂಡೆ.

ಸೋಮವಾರದಿಂದ ರೇಡಿಯೋ. ಪಾಠದ ಹೊತ್ತಿಗೆ ಯಾವುದೋ ಹಾಡು ಬರುತ್ತಿತ್ತು, ನಾನು ಕಟ್ಟೆಲೆ ಸುತ್ತುತ್ತಿದ್ದೆ. ನನ್ನ ಬಾಯಲ್ಲಿ ಒಂದು ಪದ ಬಂತು. ಅದರ ಹಿಂದೆ ಇನ್ನೊಂದು. ಮೇಲೆಲೆ ಎಳೆದೆ, ಮತ್ತೊಂದು. ಒಂದು ದಿನವೂ ಬಾಯಿ ಬಿಟ್ಟು ಹೇಳದವಳು ನಾನು, ಅಷ್ಟೂ ಪದ ಅವನು ಹೇಳಿದ ಕ್ರಮದಲ್ಲೇ ಒಳಗೆ ಕೂತಿತ್ತು. ಹಾಳಾದ ಕಿವಿ. ಅವನಿಗೆ ಹೇಳಬೇಕು ಅನ್ನಿಸಿತು. ಒಬ್ಬಳಾದರೂ ಕಲಿತಿದ್ದಾಳೆಂದು ತಿಳಿಯಲಿ, ಅದೂ ನಾನು, ಕೆಮ್ಮುತ್ತಿದ್ದವಳು. ಬಿದ್ದು ಬಿದ್ದು ನಗುತ್ತಾನೆ ಎಂದುಕೊಂಡೆ.

ಭಾನುವಾರ ಅವನು ಕಾಫಿಗೆ ಬರಲಿಲ್ಲ. ನಾನೇ ಹೋದೆ. ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ, ಗಡ್ಡ ಬೆಳೆದಿತ್ತು. ಮುಂದಿನ ಮೇಜಿನ ಮೇಲೆ ಬಿಚ್ಚದ ಹಳೆಯ ಪತ್ರಿಕೆ.

"ನಿನ್ನ ಪದ ಎಲ್ಲಾ ನನಗೆ ಬರುತ್ತೆ ಕಣೋ," ಎಂದೆ.

"ಸುಳ್ಳಿ," ಎಂದ. "ಹೇಳು ನೋಡೋಣ."

ನಾನು ಬಾಯಿ ತೆರೆದೆ. ಏನೂ ಇಲ್ಲ. ಅವನ ಮುಖ ನೋಡುತ್ತಾ ನಿಂತೆ, ಒಳಗೆಲ್ಲಾ ಗುಡಿಸಿಟ್ಟ ಹಾಗೆ ಖಾಲಿ. ಆಮೇಲೆ ಹೊಳೆಯಿತು. ಎದುರಿಗೆ ಕೂತು, ಪತ್ರಿಕೆ ಎಳೆದುಕೊಂಡು ಹರಿದು, ಮೇಜಿನ ಮೇಲೆ ಸುತ್ತತೊಡಗಿದೆ. ಬಂತು. "ಲ್ಯಾಡರ್. ಹ್ಯಾಮರ್. ಫೀವರ್. ಬ್ಲಾಂಕೆಟ್." ಗಾಸ್ಪರ್ ನೇರವಾಗಿ ಕೂತ. ಕಣ್ಣು ಮುಚ್ಚಿಕೊಂಡ. ನಾನು ಒಂದಾದ ಮೇಲೊಂದು ಹೇಳುತ್ತಾ ಹೋದೆ, ಅವನು ತಲೆಯಾಡಿಸುತ್ತಾ ಹೋದ, ಅವನ ಮುಖಕ್ಕೆ ಸ್ವಲ್ಪ ರಕ್ತ ಬಂದ ಹಾಗೆ ಕಂಡಿತು.

"ಬ್ಲಾಂಕೆಟ್ ಅಂದ್ರೆ?" ಎಂದು ಕೇಳಿದ.

ನನ್ನ ಕೈ ನಡೆಯುತ್ತಲೇ ಇತ್ತು. "ಗೊತ್ತಿಲ್ಲ."

"ಫೀವರ್?"

"ಗೊತ್ತಿಲ್ಲ ಗಾಸ್ಪರ್. ಅರ್ಥ ಹೇಳೋವಾಗ ನಾನು ಕೆಮ್ತಿದ್ದೆನಲ್ಲ."

ಅವನು ಕಣ್ಣು ತೆರೆದ. ನಗಲಿಲ್ಲ. ಎಂದಾದರೂ ಅವನ ಮೇಲೆ ನನಗೆ ಪ್ರೀತಿ ಇದ್ದದ್ದೇ ಆದರೆ ಅದು ಆ ಹೊತ್ತಿನಲ್ಲಿತ್ತು, ಆದರೆ ಅದರಿಂದ ಯಾರಿಗೆ ಏನು ಬಂತು.

"ಲಿಸನ್," ಎಂದೆ ನಾನು. ಅಂದು ನನ್ನನ್ನು ನೋಡುತ್ತಾ ಹೇಳಿದ್ದ ಪದ. "ಇದೊಂದಕ್ಕಾದ್ರೂ ಅರ್ಥ ಹೇಳು. ಈಗ ಕೆಮ್ಮಲ್ಲ."

ಅವನು ನನ್ನ ಕೈಯಲ್ಲಿದ್ದ ಕಾಗದದ ಚುಟ್ಟಾವನ್ನು ತೆಗೆದುಕೊಂಡು, ನಿಧಾನವಾಗಿ ಬಿಚ್ಚಿ, ಮೇಜಿನ ಮೇಲೆ ಸಪಾಟು ಮಾಡಿದ.

"ಈಗ ಯಾಕೆ, ಸೊರಾ," ಎಂದ. ಮೇಜಿನ ಆಚೆ ಕೂತ ನನಗೇ ಆ ದನಿ ಸರಿಯಾಗಿ ಕೇಳಲಿಲ್ಲ.